ಒಂದು ಯುಪಿಎಸ್, ಎರಡು ಜೊತೆ ಬ್ಯಾಟರಿ: ಮನೆಯ ಸರ್ವರ್ ಕೋಣೆಯಲ್ಲಿ ಐದು ವರ್ಷ

ಈ ಯುಪಿಎಸ್ ಕೊಂಡು ಐದು ವರ್ಷ ಆಯ್ತು. 1500 ವಿಎ (ವೋಲ್ಟ್ ಆಂಪಿಯರ್), 900 ವ್ಯಾಟ್, ಲೈನ್ ಇಂಟರಾಕ್ಟಿವ್ (ವೋಲ್ಟೇಜಿನ ಏರಿಳಿತವನ್ನು ಬ್ಯಾಟರಿ ಬಳಸದೆ ಸರಿಪಡಿಸುವ ಬಗೆ), ಶುದ್ಧ ಸೈನ್ ವೇವ್ (ಮನೆಯ ಕರೆಂಟಿನಂಥ ನಯವಾದ ಅಲೆ). ಒಳಗೆ 12 ವೋಲ್ಟ್, 9 ಆಂಪಿಯರ್ ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ. ಮೊದಲ ಜೊತೆ ಎರಡು ವರ್ಷ ದಾಟುತ್ತಿದ್ದಂತೆ ಕೈಕೊಟ್ಟಿತು. ಎರಡನೇ ಜೊತೆಗೆ ಮೂರು ವರ್ಷ ಆಗುತ್ತಾ ಬಂತು, ಇನ್ನೂ ಗಟ್ಟಿಯಾಗಿದೆ. ಯುಪಿಎಸ್ ಅದೇ, ಬ್ಯಾಟರಿಯ ಮಾದರಿಯೂ ಅದೇ. ಬದಲಾಗಿದ್ದು ಕೋಣೆ. ಅದಕ್ಕೇ ಇಲ್ಲಿ ಯುಪಿಎಸ್ ಬಗ್ಗೆ ಎಷ್ಟು ಹೇಳುತ್ತೇನೋ, ಸೆಕೆಯ ಬಗ್ಗೆಯೂ ಅಷ್ಟೇ ಹೇಳಬೇಕು.

ಮೊದಲು ಇದರ ಒಳ್ಳೆಯ ಗುಣ. ಕರೆಂಟ್ ಹೋದಾಗ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಅಷ್ಟು ಹೊತ್ತು ತಾನೇ ತಡೆದುಕೊಳ್ಳುತ್ತದೆ. ಐದು ವರ್ಷದಲ್ಲಿ ಹೀಗೆ ಬದಲಾಗುವಾಗ ಒಂದು ಯಂತ್ರವೂ ರೀಸ್ಟಾರ್ಟ್ ಆಗಿಲ್ಲ. ವೋಲ್ಟೇಜ್ ಇಳಿದರೆ ಒಳಗೆ ರಿಲೇ 'ಟಕ್' ಅನ್ನುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಎತ್ತಿ ಕೊಡುತ್ತದೆ, ಬ್ಯಾಟರಿ ಖರ್ಚಾಗುವುದಿಲ್ಲ. ಸೈನ್ ವೇವ್ ಇರುವುದನ್ನೇ ಹುಡುಕಿ ಕೊಂಡಿದ್ದಕ್ಕೂ ಕಾರಣ ಇದೆ. ಈಗಿನ ಪವರ್ ಸಪ್ಲೈಗಳಲ್ಲಿ, ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ ಆಕ್ಟಿವ್ ಪಿಎಫ್‌ಸಿ ಇರುತ್ತದೆ. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಅಗ್ಗದ ಯುಪಿಎಸ್ ಜೊತೆ ಅವುಗಳಲ್ಲಿ ಕೆಲವು ಹೊಂದಿಕೊಳ್ಳುವುದಿಲ್ಲ. ಬೇಕಾದ ಹೊತ್ತಿಗೇ ಆಫ್ ಆಗಿಬಿಡುತ್ತವೆ.

ಇನ್ನು ಬ್ಯಾಟರಿ ಕಥೆ. ಶುರುವಿನಲ್ಲಿ ನನ್ನ ಲೋಡ್, ಅಂದರೆ ಯಂತ್ರಗಳೆಲ್ಲ ಸೇರಿ ಎಳೆಯುವ ವಿದ್ಯುತ್, 360 ವ್ಯಾಟ್ ಇತ್ತು. ಎರಡು ಪ್ರೊಸೆಸರ್ ಕೂರುವ ಹಳೆಯ ಎರಡು ಸಾಕೆಟ್‌ನ ಸರ್ವರ್, ಎಂಟು ಹಾರ್ಡ್ ಡಿಸ್ಕ್, ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್, ರೂಟರ್. ಬ್ಯಾಕಪ್ 13 ನಿಮಿಷ ಬರುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಕರೆಂಟ್ ಹೋಯ್ತು. ಪರದೆಯ ಮೇಲೆ 11 ನಿಮಿಷ ಅಂತ ಇತ್ತು. ಮೂರನೇ ನಿಮಿಷಕ್ಕೆ ಎಲ್ಲಾ ಕತ್ತಲು. 'ಬ್ಯಾಟರಿ ಕಡಿಮೆ' ಅನ್ನುವ ಸಂದೇಶ ಬಂದ ಮೇಲೆ ಸರ್ವರ್ ಮುಚ್ಚಬೇಕು ಅಂತ ಹೊಂದಿಸಿದ್ದೆ. ಆ ಸಂದೇಶಕ್ಕೂ ಪೂರ್ತಿ ಆರುವುದಕ್ಕೂ ನಡುವೆ ಸಮಯವೇ ಸಿಗಲಿಲ್ಲ. ಡೇಟಾ ಉಳಿಯಿತು, ಆದರೆ ಅವತ್ತು ನಿಜಕ್ಕೂ ಹೆದರಿದೆ.

ತೆಗೆದು ನೋಡಿದರೆ ಬ್ಯಾಟರಿ ಊದಿಕೊಂಡು ಟ್ರೇನಲ್ಲೇ ಸಿಕ್ಕಿಕೊಂಡಿತ್ತು. ಹೊರಗೆ ತೆಗೆಯೋಕೆ ಒಂದು ಗಂಟೆ ಬೇಕಾಯ್ತು. ಯುಪಿಎಸ್ ಇಟ್ಟಿದ್ದ ಜಾಗ ಸರ್ವರ್ ಜೋಡಿಸಿಟ್ಟ ರ‍್ಯಾಕಿನ ಹಿಂದಿನ ಮೂಲೆ. ಸರ್ವರಿನ ಬಿಸಿಗಾಳಿ ನೇರವಾಗಿ ಅದಕ್ಕೇ ಬಡಿಯುತ್ತಿತ್ತು. ಅಲ್ಲಿ ಥರ್ಮಾಮೀಟರ್ ಇಟ್ಟೆ, 37 ಡಿಗ್ರಿ. ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸನ್ನು 25 ಡಿಗ್ರಿಗೆ ಲೆಕ್ಕ ಹಾಕುತ್ತಾರೆ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚೂಕಮ್ಮಿ ಅರ್ಧ ಆಗುತ್ತದೆ. ನಾಲ್ಕೈದು ವರ್ಷದ ಬ್ಯಾಟರಿ ಎರಡೇ ವರ್ಷಕ್ಕೆ ಯಾಕೆ ಹೋಯಿತು ಅಂತ ಆಗ ಗೊತ್ತಾಯ್ತು. ಬ್ಯಾಟರಿಯದ್ದಾಗಲಿ ಯುಪಿಎಸ್‌ದ್ದಾಗಲಿ ತಪ್ಪಿರಲಿಲ್ಲ.

ಸರ್ವರ್ ಎಳೆದ ಒಂದೊಂದು ವ್ಯಾಟೂ ಕೊನೆಗೆ ಬಿಸಿಯೇ ಆಗುತ್ತದೆ, ಅಲ್ವಾ? 360 ವ್ಯಾಟ್ ಅಂದರೆ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಹಗಲೂ ರಾತ್ರಿ ಒಂದು ಪುಟ್ಟ ಹೀಟರ್ ಉರಿಸಿಟ್ಟ ಹಾಗೆ. ಬಿಸಿಯನ್ನು ಅಳೆಯುವ ಬಿಟಿಯು ಲೆಕ್ಕದಲ್ಲಿ ಗಂಟೆಗೆ ಸುಮಾರು 1,230. ಒಂದು ಟನ್ ಎಸಿ ತೆಗೆಯುವುದು 12,000 ಬಿಟಿಯು, ಅಂದರೆ ನನಗೆ ಬೇಕಾದ್ದರ ಹತ್ತರಷ್ಟು. ಒಂದು ಬೇಸಿಗೆ ಒಂದೇ ಪೈಪಿನ ಪೋರ್ಟಬಲ್ ಎಸಿಯನ್ನೂ ಇಟ್ಟು ನೋಡಿದೆ. ಅದನ್ನು ಕೊಳ್ಳಿ ಅಂತ ಯಾರಿಗೂ ಹೇಳಲಾರೆ. ಕೋಣೆಯ ಗಾಳಿಯನ್ನೇ ಪೈಪಿನಿಂದ ಹೊರಗೆ ದೂಡುತ್ತದೆ, ಆ ಖಾಲಿ ತುಂಬೋಕೆ ಬಾಗಿಲ ಸಂದಿಯಿಂದ ಬಿಸಿಗಾಳಿ ಒಳಗೆ ಬರುತ್ತದೆ. ಸದ್ದು ಬೇರೆ ಜಾಸ್ತಿ.

ಕೊನೆಗೆ ಕೈಹಿಡಿದದ್ದು ಎಕ್ಸಾಸ್ಟ್ ಫ್ಯಾನ್. 360 ವ್ಯಾಟ್ ಬಿಸಿಯನ್ನು ಒಯ್ಯೋಕೆ, ಗಾಳಿ 10 ಡಿಗ್ರಿ ಬಿಸಿಯಾಗಬಹುದು ಅಂತಿಟ್ಟುಕೊಂಡರೆ, ಸೆಕೆಂಡಿಗೆ 30 ಲೀಟರ್ ಗಾಳಿ ಸಾಕು. ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸಿದರೆ ಅಷ್ಟು ಸಲೀಸಾಗಿ ಸಿಗುತ್ತದೆ. ಫ್ಯಾನನ್ನು ರ‍್ಯಾಕಿನ ಹಿಂದೆ, ಚಾವಣಿಯ ಹತ್ತಿರ ಹಾಕಿದೆ. ಬಾಗಿಲಿನ ಕೆಳಗೆ ಜಾಲರಿ ಇಟ್ಟು ಗಾಳಿಗೆ ದಾರಿ ಮಾಡಿದೆ. ರ‍್ಯಾಕಿನ ಖಾಲಿ ಜಾಗಗಳನ್ನು ತಗಡಿನಿಂದ ಮುಚ್ಚಿದೆ. ಈ ಕೊನೆಯ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮುಚ್ಚದಿದ್ದರೆ ಹಿಂದಿನ ಬಿಸಿಗಾಳಿ ಅದೇ ಸಂದಿಯಿಂದ ಮುಂದಕ್ಕೆ ಬಂದು ಮತ್ತೆ ಸರ್ವರಿನೊಳಗೇ ಹೋಗುತ್ತದೆ. ಹೊರಗಿನ ಗಾಳಿಯೇ ಕಾದಿದ್ದರೆ ಫ್ಯಾನಿನಿಂದ ಪ್ರಯೋಜನ ಇಲ್ಲ, ಅಂಥ ಮಧ್ಯಾಹ್ನಗಳಿಗೆ ಇನ್ವರ್ಟರ್ ಎಸಿ ಇದೆ. ಅದೂ 26ರಲ್ಲಿ. ಸರ್ವರಿನ ಮುಂದೆ 18ರಿಂದ 27 ಡಿಗ್ರಿ ಇರಬೇಕು ಅನ್ನುವುದು ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಶಿಫಾರಸು. ಕೋಣೆ ಗಡಗಡ ನಡುಗುವಷ್ಟು ತಂಪಾಗಬೇಕಿಲ್ಲ.

ಇದೆಲ್ಲದಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಲೋಡ್ ಇಳಿಸಿದ್ದು. ಹಳೆಯ ಸರ್ವರ್ ಹೋಗಿ ಸಣ್ಣದು ಬಂತು. ಎಂಟು ಡಿಸ್ಕ್ ಹೋಗಿ ದೊಡ್ಡ ನಾಲ್ಕು ಬಂದವು. ಈಗ 210 ವ್ಯಾಟ್. ತಿಂಗಳಿಗೆ 108 ಯೂನಿಟ್ ಉಳಿತಾಯ. ಅಷ್ಟೂ ಬಿಸಿ ಕೋಣೆಗೆ ಬರುವುದೇ ಇಲ್ಲ. ಯುಪಿಎಸ್ ಈಗ ರ‍್ಯಾಕಿನ ಮುಂದೆ, ನೆಲದ ಹತ್ತಿರ ಇದೆ. ಅಲ್ಲಿ 27 ಡಿಗ್ರಿ. ಹೊಸ ಬ್ಯಾಟರಿಯಲ್ಲಿ 24 ನಿಮಿಷ ಬಂತು. ಮೂರು ವರ್ಷ ಆಗುತ್ತಾ ಬಂದರೂ ಹೋದ ತಿಂಗಳ ಪರೀಕ್ಷೆಯಲ್ಲಿ 19 ಬಂತು.

ಪರದೆಯ ಅಂದಾಜನ್ನು ನಾನು ಈಗ ನಂಬುವುದಿಲ್ಲ. ಈ ಯುಪಿಎಸ್‌ನಲ್ಲಿ ನನಗೆ ಹಿಡಿಸದ ಸಂಗತಿ ಅದೊಂದೇ. ಸ್ವಯಂ ಪರೀಕ್ಷೆಯೂ ಕೆಲವೇ ಸೆಕೆಂಡಿನದ್ದು, ಸೊರಗಿದ ಬ್ಯಾಟರಿಯೂ ಅದರಲ್ಲಿ ಪಾಸಾಗುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಗಡಿಯಾರ ಹಿಡಿದು ನೋಡುತ್ತೇನೆ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಕರೆಂಟ್ ಹೋಗಿ ಐದು ನಿಮಿಷ ಆದರೆ ಎಲ್ಲವೂ ಮುಚ್ಚಲಿ ಅಂತ ಟೈಮರ್ ಇಟ್ಟಿದ್ದೇನೆ. ಸ್ವಿಚ್ಚನ್ನೂ ಯುಪಿಎಸ್‌ಗೇ ಸೇರಿಸಿ. ಅದು ಆರಿದರೆ ಮುಚ್ಚಿಕೊಳ್ಳುವ ಸಂದೇಶ ಉಳಿದ ಯಂತ್ರಗಳಿಗೆ ತಲುಪುವುದೇ ಇಲ್ಲ.

ಮುಂದಿನ ಸಲ ಲಿಥಿಯಂ ಹಾಕಬಹುದಲ್ಲ ಅಂತ ಗೆಳೆಯರು ಕೇಳುತ್ತಾರೆ. ಇದರ ಚಾರ್ಜರ್ ಮತ್ತು ಬ್ಯಾಟರಿ ಎಷ್ಟು ಉಳಿದಿದೆ ಅಂತ ಅಳೆಯುವ ಲೆಕ್ಕ ಎರಡೂ ಲೆಡ್ ಆಸಿಡ್‌ಗೆ ಅಂತ ಮಾಡಿದವು, ಆ ಪ್ರಯೋಗ ಇದರಲ್ಲಿ ಬೇಡ. ಇದೇ ಅಳತೆಯ ಜೊತೆಯನ್ನೇ ಮತ್ತೆ ತರುತ್ತೇನೆ, ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ. ಹಾಕಿದ ದಿನಾಂಕವನ್ನು ಬ್ಯಾಟರಿ ಮೇಲೆ ಬರೆದಿಟ್ಟಿದ್ದೇನೆ. ಪರೀಕ್ಷೆಯಲ್ಲಿ 12 ನಿಮಿಷಕ್ಕಿಂತ ಕಡಿಮೆ ಬಂದ ದಿನ ಹೊಸದು.