‘ಅದನ್ನು ಕತ್ತರಿಸಲ್ಲ ಮೇಡಂ’

ಇಪ್ಪತ್ತೆರಡು ವರ್ಷದಿಂದ ಶಿವಮೊಗ್ಗದಲ್ಲಿ ಭರತನಾಟ್ಯ ಕಲಿಸುತ್ತಿದ್ದೇನೆ. ಬರಿಗಾಲಲ್ಲೇ ಕೆಲಸ. ಅಂಗಾಲು ದಡ್ಡುಗಟ್ಟಿದೆ. ಚಳಿಗಾಲ ಬಂತೆಂದರೆ ಹಿಮ್ಮಡಿ ಒಡೆದು, ಸೀರೆಯ ಅಂಚು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪೆಡಿಕ್ಯೂರ್ ನನಗೆ ಶೋಕಿ ಅಲ್ಲ.

ದುರ್ಗಿಗುಡಿ ಕಡೆಯ ಒಂದು ಚಿಕ್ಕ ಪಾರ್ಲರ್ ಬಗ್ಗೆ ಬರೆಯುತ್ತಿದ್ದೇನೆ. ಇರುವುದೇ ಎರಡು ಕುರ್ಚಿ. ಜನ ಜಾಸ್ತಿಯಾದರೆ ನಿಭಾಯಿಸುವುದು ಕಷ್ಟ, ಹೆಸರು ಹಾಕಬೇಡಿ ಎಂದು ಅಲ್ಲಿನ ಹುಡುಗಿ ಕೇಳಿಕೊಂಡಿದ್ದಾಳೆ. ಆದರೂ ಅವಳು ಕೆಲಸ ಮಾಡುವ ರೀತಿ ಎಲ್ಲರಿಗೂ ಗೊತ್ತಾಗಬೇಕು.

ಅದಕ್ಕೆ ಮೊದಲು ನನಗಾದದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ, ತಂಗಿ ಮಗಳ ಮದುವೆಗೆಂದು ಬೇರೆ ಊರಿನ ದೊಡ್ಡ ಸಲೂನ್‌ಗೆ ಹೋಗಿದ್ದೆ. ಒಳ್ಳೆಯ ಪರಿಮಳ, ನೀರಿನ ಗುಳ್ಳೆ ಏಳುವ ಕುರ್ಚಿ. ಅಲ್ಲಿ ಕೈಬೆರಳಿನ ಉಗುರಿನ ಬುಡದಲ್ಲಿದ್ದ ತೆಳು ಚರ್ಮವನ್ನು, ಅಂದರೆ ಕ್ಯೂಟಿಕಲ್ಲನ್ನು, ಕತ್ತರಿಸಿ ತೆಗೆದರು. ಅಂಗಾಲಿನ ದಡ್ಡನ್ನು ಬ್ಲೇಡಿನಿಂದ ಕೆತ್ತಿದರು. ಮಗುವಿನ ಕಾಲಿನಷ್ಟು ಮೆತ್ತಗಾಯಿತು. ಮದುವೆ ಮುಗಿಸಿ ಬಂದು ತರಗತಿಯಲ್ಲಿ, ಅಂಗಾಲನ್ನು ನೆಲಕ್ಕೆ ತಟ್ಟುವ ತಟ್ಟಡವು ಶುರು ಮಾಡಿದರೆ ಅಂಗಾಲು ಉರಿ ಉರಿ. ಸಂಜೆಗೆ ಬೊಬ್ಬೆ. ಮಾರನೆಯ ದಿನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು. ಕೀವು ತೆಗೆಸಿ, ಮಾತ್ರೆ ನುಂಗಿ, ಹತ್ತು ದಿನ ತಾಳ ಹಾಕುವ ತಟ್ಟುಮಣೆಯ ಕೋಲು ಹಿಡಿಯಲಾಗಲಿಲ್ಲ. ಮಕ್ಕಳಿಗೆ ಬರೀ ಬಾಯಲ್ಲಿ ತಾಳ ಹೇಳಿಕೊಂಡು ಕೂತೆ.

ಉಗುರಿಗೂ ಚರ್ಮಕ್ಕೂ ನಡುವಿನ ಸಂದಿಯನ್ನು ಮುಚ್ಚುವುದೇ ಆ ಕ್ಯೂಟಿಕಲ್, ಅದು ಹೋದರೆ ನೀರು, ಕೀಟಾಣು ನೇರ ಒಳಗೆ ಎಂದು ಡಾಕ್ಟರ್ ವಿವರಿಸಿದರು.

ಈ ಪಾರ್ಲರ್‌ನಲ್ಲಿ ಮೊದಲ ದಿನ ನಾನೇ ಪರೀಕ್ಷೆ ಮಾಡಿದೆ. ‘ಕ್ಯೂಟಿಕಲ್ ತೆಗೀತೀಯಾ?’ ಎಂದು ಕೇಳಿದೆ. ‘ಅದನ್ನು ಕತ್ತರಿಸಲ್ಲ ಮೇಡಂ. ನೆನೆಸಿ, ಮೆಲ್ಲಗೆ ಹಿಂದಕ್ಕೆ ತಳ್ತೀನಿ ಅಷ್ಟೆ’ ಎಂದಳು. ಆಮೇಲೆ ನನ್ನ ಅಂಗಾಲು ನೋಡಿ, ‘ಡ್ಯಾನ್ಸ್ ಮಾಡ್ತೀರಾ? ಹಾಗಾದ್ರೆ ಇದನ್ನು ಪೂರ್ತಿ ತೆಗೆಯೋದು ಬೇಡ’ ಎಂದಳು. ಹಿಮ್ಮಡಿಯ ಒರಟು ಅಂಚನ್ನು ಮಾತ್ರ ಉಜ್ಜಿದಳು. ಆ ದಡ್ಡು ನನಗೆ ಚಪ್ಪಲಿ ಇದ್ದ ಹಾಗೆ. ಅದು ಅವಳಿಗೆ ಅರ್ಥವಾಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಒಳಗಿನ ಕೋಣೆಯಲ್ಲಿ, ಸಾಮಾನಿನ ಕೀಟಾಣು ಕೊಲ್ಲುವ ಚಿಕ್ಕ ಆಟೋಕ್ಲೇವ್ ಇದೆ. ನಮ್ಮ ಕುಕ್ಕರ್ ತರಹವೇ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ. ಉಕ್ಕಿನ ಸಾಮಾನೆಲ್ಲ ಪೊಟ್ಟಣದಲ್ಲಿರುತ್ತದೆ, ನಮ್ಮ ಮುಂದೆಯೇ ಒಡೆಯುತ್ತಾಳೆ. ತುಂಬಾ ಕಡೆ ನೀಲಿ ಬೆಳಕಿನ ಪೆಟ್ಟಿಗೆ ತೋರಿಸಿ ‘ಸ್ಟೆರೈಲ್ ಆಗಿದೆ’ ಎನ್ನುತ್ತಾರೆ. ಬೆಳಕು ಬೀಳದ ಮೂಲೆಯಲ್ಲಿ, ಕೊಳೆಯ ಅಡಿಯಲ್ಲಿ ಕೀಟಾಣು ಹಾಗೇ ಉಳಿಯುತ್ತದೆ. ಅದನ್ನು ನಂಬಬೇಡಿ. ಮರದ ಕಡ್ಡಿ, ಉಗುರು ಉಜ್ಜುವ ಮರಳುಕಾಗದದ ಫೈಲ್, ಹೊಳಪು ಕೊಡುವ ಬಫರ್ ಇವನ್ನು ಪೂರ್ತಿ ಶುದ್ಧ ಮಾಡಲು ಆಗುವುದೇ ಇಲ್ಲ. ನನ್ನದನ್ನು ನಾನೇ ಒಂದು ಡಬ್ಬಿಯಲ್ಲಿ ಒಯ್ಯುತ್ತೇನೆ.

ಕಾಲು ಇಡಲು ಸಾದಾ ಟಬ್, ಅದಕ್ಕೆ ಪ್ರತಿ ಸಲ ಹೊಸ ಪ್ಲಾಸ್ಟಿಕ್ ಹಾಳೆ. ಗುಳ್ಳೆ ಏಳುವ ಕುರ್ಚಿ ಇಲ್ಲವಲ್ಲ ಎಂದು ಬೇಸರ ಬೇಡ. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ನೇಲ್ ಸಲೂನ್‌ನಿಂದ 100ಕ್ಕೂ ಹೆಚ್ಚು ಜನರ ಕಾಲಲ್ಲಿ ಕುರು ಎದ್ದಿತ್ತು. ಅಂಥ ಕುರ್ಚಿಯ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸೇರಿಕೊಂಡು ಕೀಟಾಣು ಬೆಳೆದಿತ್ತು. ಹೋಗುವ ಮೊದಲು ಕಾಲಿನ ಕೂದಲು ಬೋಳಿಸಿಕೊಂಡವರಿಗೆ ಅಪಾಯ ಹೆಚ್ಚಿತ್ತು. ನಮ್ಮ ಹುಡುಗಿಯೂ ಕೇಳುತ್ತಾಳೆ: ‘ಇವತ್ತು ನಿನ್ನೆ ಶೇವ್, ವ್ಯಾಕ್ಸ್ ಏನಾದರೂ ಮಾಡಿದ್ದೀರಾ?’ ಹೌದು ಎಂದರೆ ಬೇರೆ ದಿನ ಬರಲು ಹೇಳುತ್ತಾಳೆ.

ಅಮ್ಮನನ್ನು ಕರೆದುಕೊಂಡು ಹೋದಾಗ ಮೊದಲ ಪ್ರಶ್ನೆಯೇ ‘ಅಮ್ಮ, ಶುಗರ್ ಇದೆಯಾ?’ ಇದೆ, ಹದಿನೈದು ವರ್ಷದಿಂದ. ಪಾದ ಸ್ವಲ್ಪ ಜೋಮು ಹಿಡಿದಂತೆಯೂ ಇದೆ. ಅಂಥವರಿಗೆ ನೀರು ಜಾಸ್ತಿ ಬಿಸಿಯಿದ್ದರೂ, ಚರ್ಮ ಸೀಳಿದರೂ ಗೊತ್ತಾಗುವುದಿಲ್ಲ. ಗಾಯ ಮಾಯುವುದೂ ನಿಧಾನ. ‘ಮೊದಲು ಡಾಕ್ಟರ್‌ಗೆ ಕಾಲು ತೋರಿಸಿ ಬನ್ನಿ’ ಎಂದು ದುಡ್ಡೂ ತೆಗೆದುಕೊಳ್ಳದೆ ಕಳಿಸಿದಳು.

ಮ್ಯಾನಿಕ್ಯೂರ್ ಚೆನ್ನಾಗಿದೆ, ವಿಶೇಷವೇನಿಲ್ಲ. ಜೆಲ್ ಪಾಲಿಶ್ ಬಗ್ಗೆ ಮಾತ್ರ ಒಂದು ಮಾತು. ನನ್ನ ಶಿಷ್ಯೆಯೊಬ್ಬಳು ಮನೆಯಲ್ಲಿ ಸುಮ್ನೆ ಕಿತ್ತು ಕಿತ್ತು ತೆಗೆದು, ಉಗುರಿನ ಪದರವೇ ಎದ್ದು ಬಂದಿತ್ತು. ಪಾಲಿಶ್ ಸಡಿಲಿಸುವ ಅಸಿಟೋನ್‌ನಲ್ಲಿ 10-15 ನಿಮಿಷ ನೆನೆಸಿಯೇ ತೆಗೆಯಬೇಕು. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸ ಉಗುರಿಗೆ ಆರು ತಿಂಗಳು ಕಾಯಬೇಕು, ಕಾಲಿನ ಹೆಬ್ಬೆರಳಿಗಾದರೆ ವರ್ಷಕ್ಕೂ ಜಾಸ್ತಿ.

ಕೊರತೆಗಳೂ ಇವೆ. ಎ.ಸಿ. ಇಲ್ಲ, ರಸ್ತೆಯ ಗದ್ದಲ ಕೇಳಿಸುತ್ತದೆ. ಕಾಲು ಒತ್ತುವುದನ್ನು ಬೇಗ ಮುಗಿಸಿಬಿಡುತ್ತಾಳೆ. ಪೆಡಿಕ್ಯೂರ್‌ಗೆ 600 ರೂಪಾಯಿ, ಮ್ಯಾನಿಕ್ಯೂರ್‌ಗೆ 400. ಹಿಂದಿನ ದಿನವೇ ಫೋನ್ ಮಾಡಿ ಹೋಗಬೇಕು. ಸಾಮಾನು ಹಬೆಗೆ ಹಾಕಿ ಸಿದ್ಧವಾಗದ ಹೊರತು ಅವಳು ಯಾರನ್ನೂ ಕುರ್ಚಿಯಲ್ಲಿ ಕೂರಿಸುವುದಿಲ್ಲ.