ಒಂದೇ ನೈಟ್ರೇಟ್, ಮೂರು ಪುಡಿ: ಅಸ್ಫಟಿಕ ಐರನ್ ಆಕ್ಸೈಡಿಗೆ ಹಿಡಿದ ದಾರಿಗಳ ಹೋಲಿಕೆ

ಅಸ್ಫಟಿಕ, ಅಂದರೆ ಪರಮಾಣುಗಳು ಕ್ರಮವಾದ ಸಾಲಿನಲ್ಲಿ ಜೋಡಣೆಯಾಗದ, ಐರನ್ ಆಕ್ಸೈಡಿನ ನ್ಯಾನೋಕಣಗಳನ್ನು ಮೊದಲು ಪಡೆದು, ಅವನ್ನು ಹಂತಹಂತವಾಗಿ ಕಾಯಿಸಿ, ಸ್ಫಟಿಕವಾಗುತ್ತ ಹೋದಂತೆ ಅವುಗಳ ಕಾಂತಗುಣ ಹೇಗೆ ಬದಲಾಗುತ್ತದೆಂದು ನೋಡುವುದು ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಕೈಗೊಂಡ ಕೆಲಸ. ಫೆರಿಕ್ ನೈಟ್ರೇಟಿನ ದ್ರಾವಣವನ್ನು ಗ್ಲೈಸೀನಿನೊಡನೆ ಉರಿಸುವುದು, ಅದಕ್ಕೆ ಅಮೋನಿಯಾ ಹನಿಸಿ ಪ್ರಕ್ಷೇಪ (ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುವ ಘನ) ಪಡೆಯುವುದು, ಸಿಟ್ರಿಕ್ ಆಮ್ಲ ಸೇರಿಸಿ ಜೆಲ್ ಮಾಡುವುದು ಎಂಬ ಮೂರು ದಾರಿಗಳನ್ನೂ ಮಾಡಿ ನೋಡಿದೆ. ಮೂರಕ್ಕೂ ಒಂದೇ ಬಾಟಲಿಯ ನೈಟ್ರೇಟನ್ನು ಸಲಕ್ಕೆ 4.04 ಗ್ರಾಂನಂತೆ ತೂಗಿ ಬಳಸಿದೆ. ಏನೂ ನಷ್ಟವಾಗದಿದ್ದರೆ ಅದರಿಂದ 0.8 ಗ್ರಾಂ ಫೆರಿಕ್ ಆಕ್ಸೈಡ್ ಸಿಗಬೇಕು.

ದಹನ ವಿಧಾನದ ಬಗ್ಗೆ ಕನ್ನಡನಾಡಿನವರಿಗೆ ಸಹಜವಾಗಿಯೇ ಅಭಿಮಾನವಿದೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ ಮತ್ತು ಅವರ ಸಹೋದ್ಯೋಗಿ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದಲೇ ಅದು ಹೆಸರಾಯಿತು. 1.25 ಗ್ರಾಂ ಗ್ಲೈಸೀನ್ ಬೆರೆಸಿ ಕಾಯಿಸಿದರೆ ದ್ರಾವಣ ನೊರೆಯೆದ್ದು, ಭಗ್ಗನೆ ಹೊತ್ತಿ, ಕೆಲವೇ ಕ್ಷಣಗಳಲ್ಲಿ ಹಗುರವಾದ ಪುಡಿ ಕೈಗೆ ಬರುತ್ತದೆ. ಆದರೆ ಆ ಉರಿಯ ಶಾಖಕ್ಕೆ ಆಕ್ಸೈಡ್ ಹುಟ್ಟುತ್ತಲೇ ಸ್ಫಟಿಕವಾಗಿಬಿಡುವುದರಿಂದ, ಅಸ್ಫಟಿಕ ಹಂತವನ್ನು ನೋಡಬೇಕೆನ್ನುವವನಿಗೆ ಇದು ಪ್ರಯೋಜನವಿಲ್ಲ.

ಅಮೋನಿಯಾ ದಾರಿ ಎಲ್ಲಕ್ಕಿಂತ ಅಗ್ಗ. ತುಕ್ಕಿನ ಬಣ್ಣದ ಲೋಳೆಯಂಥ ಪ್ರಕ್ಷೇಪವನ್ನು ಹತ್ತಾರು ಸಲ ತೊಳೆದು ಒಣಗಿಸಿ ಎಕ್ಸ್-ಕಿರಣ ವಿವರ್ತನೆಗೆ (ಪುಡಿಯು ಕಿರಣವನ್ನು ಯಾವ ಕೋನಗಳಲ್ಲಿ ಚದುರಿಸುತ್ತದೆಂದು ನೋಡುವ ಪರೀಕ್ಷೆ; ಸ್ಫಟಿಕವಾದರೆ ಚೂಪಾದ ಶಿಖರಗಳು ಬರುತ್ತವೆ) ಒಡ್ಡಿದರೆ, ಅಂಥ ಶಿಖರ ಒಂದೂ ಕಾಣದೆ 35 ಮತ್ತು 62 ಡಿಗ್ರಿ ಕೋನದ ಆಸುಪಾಸಿನಲ್ಲಿ ಎರಡು ಅಗಲವಾದ ದಿಬ್ಬಗಳಷ್ಟೇ ಕಾಣುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಪಕರಣದಲ್ಲಿ ಬಳಸುವ ತಾಮ್ರದ ಎಕ್ಸ್-ಕಿರಣವು ಕಬ್ಬಿಣದಲ್ಲಿ ಪ್ರತಿದೀಪ್ತಿಯನ್ನು (ಕಬ್ಬಿಣ ತಾನೇ ಹೊಮ್ಮಿಸುವ ಎಕ್ಸ್-ಕಿರಣವನ್ನು) ಉಂಟುಮಾಡಿ ಹಿನ್ನೆಲೆಯನ್ನು ಎತ್ತರಿಸುವುದರಿಂದ, ಸಣ್ಣ ಸ್ಫಟಿಕಗಳ ಶಿಖರಗಳೂ ಅದರಲ್ಲಿ ಮುಳುಗಿಹೋಗಬಹುದು. ಶಿಖರ ಕಾಣಲಿಲ್ಲವೆಂದ ಮಾತ್ರಕ್ಕೆ ಪುಡಿ ಅಸ್ಫಟಿಕವೆಂದು ಘೋಷಿಸುವುದು ಆತುರದ ಮಾತು. ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ. ಈ ಪುಡಿಗೆ ನಿಯೋಡೈಮಿಯಂ ಅಯಸ್ಕಾಂತ ಹಿಡಿದರೆ ಅದು ಅಲುಗುವುದಿಲ್ಲ. ಆಮ್ಲಜನಕದ ಮೂಲಕ ಕಬ್ಬಿಣದ ಪರಮಾಣುಗಳ ನಡುವೆ ಏರ್ಪಡುವ ಕಾಂತ ಸಂಬಂಧವು ಬಂಧದ ಕೋನವನ್ನು ಅವಲಂಬಿಸಿರುತ್ತದೆ. ಅಸ್ಫಟಿಕದಲ್ಲಿ ಕೋನಗಳೆಲ್ಲ ಅಸ್ತವ್ಯಸ್ತವಾಗಿರುವುದರಿಂದ, ಕೋಣೆಯ ಉಷ್ಣತೆಯಲ್ಲಿ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಒಂದು ವ್ಯವಸ್ಥೆಗೆ ಬಾರದೆ ಪುಡಿ ಪ್ಯಾರಾಕಾಂತೀಯವಾಗಿ, ಅಂದರೆ ಅಯಸ್ಕಾಂತಕ್ಕೆ ಬಹಳ ದುರ್ಬಲವಾಗಿ ಮಾತ್ರ ಸ್ಪಂದಿಸುವಂತೆ, ಉಳಿಯುತ್ತದೆ. 400 ಡಿಗ್ರಿಗೆ ಕಾಯಿಸಿದಾಗ ಸ್ಫಟಿಕವೇನೋ ಆಯಿತು, ಆದರೆ ವಿವರ್ತನೆಯಲ್ಲಿ 33.2 ಡಿಗ್ರಿ ಕೋನದಲ್ಲಿ ಎದ್ದದ್ದು ಹೆಮಟೈಟ್ ಎಂಬ ಕೆಂಪು ಐರನ್ ಆಕ್ಸೈಡಿನ ಶಿಖರ. ಹೆಮಟೈಟಿನ ಕಾಂತೀಕರಣ ಗ್ರಾಂಗೆ ಅರ್ಧ ಇಎಂಯುವನ್ನೂ (ಕಾಂತಬಲದ ಅಳತೆಯ ಒಂದು ಮಾನ) ಮುಟ್ಟುವುದಿಲ್ಲ. ಅಷ್ಟೆಲ್ಲ ತೊಳೆದು ಕಾಯಿಸಿ ಕೊನೆಗೆ ಸಿಕ್ಕಿದ್ದು ಕೆಮ್ಮಣ್ಣು.

ನನ್ನ ಆಯ್ಕೆ ಸಿಟ್ರೇಟ್ ಜೆಲ್. 2.1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ 80 ಡಿಗ್ರಿಯಲ್ಲಿ ಇಂಗಿಸುತ್ತ ಬಂದರೆ ದ್ರಾವಣ ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ. ಮಂಡ್ಯ ಕಡೆಯ ಆಲೆಮನೆಗಳನ್ನು ನೋಡಿ ಬೆಳೆದ ನನಗೆ, ಕಡ್ಡಿಯಿಂದ ಇಳಿಯುವ ಎಳೆಯನ್ನು ನೋಡಿಯೇ ಪಾಕ ಬಂದದ್ದು ತಿಳಿಯುತ್ತಿತ್ತು. ಇದನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ನಿಧಾನವಾಗಿ 200 ಡಿಗ್ರಿಯವರೆಗೆ ಒಯ್ದರೆ ಅಯಸ್ಕಾಂತಕ್ಕೆ ಮಣಿಯದ ಅಸ್ಫಟಿಕ ಪುಡಿ ಸಿಗುತ್ತದೆ. ಅದನ್ನೇ 300 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟಾಗ ಕಂದುಬಣ್ಣದ ಪುಡಿ ಬಂದು, 35.6 ಡಿಗ್ರಿ ಕೋನದಲ್ಲಿ ಮ್ಯಾಗ್ಹೆಮೈಟ್ ಎಂಬ, ಅಯಸ್ಕಾಂತಕ್ಕೆ ಎಳೆಯಲ್ಪಡುವ ಐರನ್ ಆಕ್ಸೈಡಿನ ಶಿಖರ ಎದ್ದಿತು. ಶಿಖರದ ಅಗಲ 0.7 ಡಿಗ್ರಿಯಷ್ಟಿದ್ದುದರಿಂದ, ಷೆರರ್ ಸೂತ್ರದಂತೆ ಸ್ಫಟಿಕದ ಗಾತ್ರ ಸುಮಾರು 12 ನ್ಯಾನೋಮೀಟರ್. ದೊಡ್ಡ ಸ್ಫಟಿಕದ ಮ್ಯಾಗ್ಹೆಮೈಟಿನ ಕಾಂತೀಕರಣ ಗ್ರಾಂಗೆ ಸುಮಾರು 75 ಇಎಂಯು. ಇಷ್ಟು ಸಣ್ಣ ಕಣಗಳಲ್ಲಿ ಮೇಲ್ಮೈಯ ಸ್ಪಿನ್‌ಗಳು ಸರಿಯಾಗಿ ಸಾಲುಗೊಳ್ಳದ ಕಾರಣ ಅದು ಇನ್ನೂ ಕಡಿಮೆಯೇ. ಆದರೂ ಪುಡಿ ಸೀಸೆಯ ಗೋಡೆಯನ್ನೇರಿ ಅಯಸ್ಕಾಂತದತ್ತ ಬರುತ್ತದೆ, ಅಯಸ್ಕಾಂತ ತೆಗೆದೊಡನೆ ಕುಸಿಯುತ್ತದೆ. ಕಣದ ಗಾತ್ರ ಕಿರಿದಾದುದರಿಂದ ಅದರ ಒಟ್ಟು ಕಾಂತದಿಕ್ಕನ್ನು ಕೋಣೆಯ ಶಾಖವೇ ಮಗುಚುತ್ತಿರುತ್ತದೆ. ಹಿಸ್ಟರಿಸಿಸ್ ರೇಖೆಯಲ್ಲಿ (ಕಾಂತಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತೀಕರಣ ಹೇಗೆ ಬದಲಾಗುತ್ತದೆಂದು ತೋರಿಸುವ ರೇಖೆ) ಕುಣಿಕೆ ತೆರೆದುಕೊಳ್ಳದ ಸೂಪರ್‌ಪ್ಯಾರಾಕಾಂತತ್ವವೆಂದರೆ ಇದೇ.

ಈ ದಾರಿಯ ದೋಷವನ್ನೂ ಹೇಳಬೇಕು. ಒಮ್ಮೆ ಕೆಲಸ ಬೇಗ ಮುಗಿಸುವ ಆಸೆಗೆ ನಾಲ್ಕು ಸಲದ ಜೆಲ್ಲನ್ನು ಒಂದೇ ಮೂಸೆಗೆ ಸುರಿದು ಕುಲುಮೆಗಿಟ್ಟೆ. ಮಾಪಕ 300 ಡಿಗ್ರಿಯನ್ನೇ ತೋರಿಸುತ್ತಿತ್ತು. ಒಳಗೆ ಸಿಟ್ರೇಟ್ ಮತ್ತು ನೈಟ್ರೇಟ್ ತಾವೇ ಹೊತ್ತಿಕೊಂಡು ನಡುಭಾಗವನ್ನು ಅದಕ್ಕಿಂತ ಬಹಳ ಮೇಲಕ್ಕೆ ಕಾಯಿಸಿದ್ದವು. ಹೊರತೆಗೆದಾಗ ಮೂಸೆಯ ಅಂಚಿನಲ್ಲಿ ಕಂದುಬಣ್ಣದ ಪುಡಿ, ನಡುವೆ ಇಟ್ಟಿಗೆಗೆಂಪಿನ ಗಂಟು. ಎರಡನ್ನೂ ಅಗೇಟ್ ಒರಳಿನಲ್ಲಿ ಅರೆದು ಕಾಗದದ ಮೇಲೆ ಹರಡಿ ಕೆಳಗಿನಿಂದ ಅಯಸ್ಕಾಂತ ಎಳೆದೆ. ಕಂದು ಪುಡಿ ಅದರ ಹಿಂದೆಯೇ ಹೊರಟಿತು, ಕೆಂಪು ಪುಡಿ ಕಾಗದದ ಮೇಲೆಯೇ ಉಳಿಯಿತು.