ಹೈಫು ಮಾಡಿಸಿದೆ: ದವಡೆಗೆ ಪರವಾಗಿಲ್ಲ, ಕತ್ತಿಗೆ ಅಷ್ಟಕ್ಕಷ್ಟೆ

ಹೈಫು ಅಂದರೆ ಜೋತು ಬಿದ್ದ ಚರ್ಮವನ್ನು ಆಪರೇಷನ್ ಇಲ್ಲದೆ ಮೆಷಿನ್‌ನಿಂದ ಬಿಗಿ ಮಾಡುವ ಚಿಕಿತ್ಸೆ. ಐದಕ್ಕೆ ಮೂರು ಸ್ಟಾರ್. ಮೆಷಿನ್‌ಗೆ ಮೂರೂವರೆ, ಡಾಕ್ಟರಿಗೆ ನಾಲ್ಕು, ಪ್ಯಾಕೇಜ್ ಮಾರುವ ಹುಡುಗಿಗೆ ಒಂದು. ಕೂಡಿ ಭಾಗಿಸಿದರೆ ಹತ್ತಿರ ಹತ್ತಿರ ಮೂರೇ ಬರುತ್ತದೆ. ರಾಜಾಜಿನಗರದ ಕಡೆಯ ಒಂದು ಸ್ಕಿನ್ ಕ್ಲಿನಿಕ್, ಹೆಸರು ಬೇಡ. ಅದಕ್ಕೂ ಮುಂಚೆ ನಾನು ವಿಚಾರಿಸಿದ ಬೇರೆ ಕಡೆಗಳಲ್ಲೂ ಮಾರುವ ರೀತಿ ಇದೇ ಇತ್ತು. ಒಬ್ಬರನ್ನೇ ಹಿಡಿದು ಬೈದು ಏನು ಪ್ರಯೋಜನ?

ನನ್ನದು ಮಲ್ಲೇಶ್ವರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ವಯಸ್ಸು ಐವತ್ನಾಲ್ಕು. ಶುಗರ್ ಬಂದ ಮೇಲೆ ಅನ್ನ ಕಡಿಮೆ ಮಾಡಿ, ಸ್ಯಾಂಕಿ ಕೆರೆ ಸುತ್ತಿ ಹದಿನಾಲ್ಕು ಕೆಜಿ ಇಳಿಸಿದೆ. ಹೊಟ್ಟೆ ಇಳಿದಿದ್ದು ಸಂತೋಷ. ಅದರ ಜೊತೆ ಕೆನ್ನೆಯೂ ಇಳಿದು ದವಡೆಯ ಎರಡೂ ಬದಿಗೆ ಜೋತು ಬಿತ್ತು. ಗದ್ದದ ಕೆಳಗಿನ ಚರ್ಮ ಸಡಿಲವಾಯಿತು. ಟ್ರಯಲ್ ರೂಮಿನಲ್ಲಿ ಗಿರಾಕಿಯ ಹಿಂದೆ ನಿಂತು ಭುಜದ ಹೊಲಿಗೆ ನೋಡುವಾಗ ಕನ್ನಡಿಯಲ್ಲಿ ನನ್ನ ಮುಖವೇ ಮೊದಲು ಕಾಣುತ್ತದೆ, ಏನು ಮಾಡಲಿ. ಆಪರೇಷನ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಶುಗರ್ ಇರುವವಳು, ಮುಖದ ಮೇಲೆ ಕತ್ತರಿ ಯಾಕೆ?

ಡಾಕ್ಟರಿಗೆ ನಾಲ್ಕು ಕೊಟ್ಟಿದ್ದಕ್ಕೆ ಕಾರಣ ಇದೆ. ಮೆಷಿನ್ ಮಾತು ಎತ್ತುವ ಮೊದಲು ಆಕೆ ನನ್ನ ಮೂರು ತಿಂಗಳ ಶುಗರ್ ರಿಪೋರ್ಟ್ ಕೇಳಿದರು. ಪೇಸ್‌ಮೇಕರ್ ಇದೆಯಾ, ಮುಖದಲ್ಲಿ ಪ್ಲೇಟ್ ಗೀಟ್ ಹಾಕಿಸಿದ್ದೀರಾ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಅಂತ ಕೇಳಿದರು. ಆಮೇಲೆ ಕೆನ್ನೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆಳೆದು ಬಿಟ್ಟು, ಎಷ್ಟು ಬೇಗ ವಾಪಸ್ ಹೋಗುತ್ತದೆ ನೋಡಿದರು. "ನಿಮ್ಮ ಕೆನ್ನೆಯಲ್ಲಿ ಕೊಬ್ಬು ಮೊದಲೇ ಕಮ್ಮಿ ಇದೆ. ಅಲ್ಲಿ ಮೆಷಿನ್ ಶಾಟ್ ಹೊಡೆದರೆ ಇರುವ ಕೊಬ್ಬೂ ಕರಗಿ ಗುಳಿ ಬೀಳಬಹುದು. ದವಡೆಗೂ ಗದ್ದದ ಕೆಳಗೂ ಮಾಡೋಣ. ಕತ್ತಿನ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ" ಅಂದರು. ದುಡ್ಡು ಕಟ್ಟುವ ಮುಂಚೆ ಆಸೆ ಇಟ್ಕೋಬೇಡಿ ಅನ್ನುವವರು ಸಿಗುವುದು ಕಷ್ಟ.

ಚರ್ಮ ಜೋತು ಬಿದ್ದಿದ್ದಕ್ಕೆ ತೂಕ ಇಳಿಸಿದ್ದೊಂದೇ ಕಾರಣ ಅಲ್ಲವಂತೆ. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವುದು ಕೊಲಾಜೆನ್. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಹೆಂಗಸರ ಚರ್ಮದ ಕೊಲಾಜೆನ್ ಸುಮಾರು ಶೇ. 30ರಷ್ಟು ಹೋಗುತ್ತದೆ. ಆಮೇಲೂ ವರ್ಷಕ್ಕೆ ಶೇ. 2ರಷ್ಟು ಕಡಿಮೆಯಾಗುತ್ತಾ ಇರುತ್ತದೆ. ಅದರ ಮೇಲೆ ಬಿಸಿಲು. ಇದನ್ನು ಕೇಳಿದ ಮೇಲೆ ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಹೈಫು ಅಂದರೆ ಅಲ್ಟ್ರಾಸೌಂಡ್. ಹೊಟ್ಟೆ ಸ್ಕ್ಯಾನಿಂಗ್‌ಗೆ ಬಳಸುವಂಥದ್ದೇ, ಆದರೆ ಇಲ್ಲಿ ಅದನ್ನು ಚರ್ಮದ ಒಳಗೆ ಒಂದೇ ಚುಕ್ಕೆಗೆ ಗುರಿ ಇಡುತ್ತಾರೆ. 1.5, 3 ಮತ್ತು 4.5 ಮಿಲಿಮೀಟರ್ ಆಳಕ್ಕೆ ಬೇರೆ ಬೇರೆ ಕಾರ್ಟ್ರಿಜ್ ಇರುತ್ತವೆ. ಆ ಚುಕ್ಕೆಯಲ್ಲಿ ಶಾಖ 60ರಿಂದ 70 ಡಿಗ್ರಿಗೆ ಏರುತ್ತದೆ, ಸರಿಯಾಗಿ ಮಾಡಿದರೆ ಮೇಲಿನ ಚರ್ಮ ಸುಡುವುದಿಲ್ಲ. ಒಳಗೆ ಆದ ಸಣ್ಣ ಸಣ್ಣ ಸುಟ್ಟ ಗಾಯಗಳನ್ನು ಮೈ ತಾನೇ ರಿಪೇರಿ ಮಾಡಿಕೊಳ್ಳುವಾಗ ಹೊಸ ಕೊಲಾಜೆನ್ ಹುಟ್ಟುತ್ತದೆ. 4.5 ಮಿಲಿಮೀಟರಿನ ಹತ್ತಿರ ಸ್ಮಾಸ್ ಅನ್ನುವ ಒಂದು ಪದರ ಇದೆ. ಫೇಸ್‌ಲಿಫ್ಟ್ ಆಪರೇಷನ್‌ನಲ್ಲಿ ಸರ್ಜನ್‌ಗಳು ಎಳೆದು ಕಟ್ಟುವುದು ಅದನ್ನೇ.

ಇದೇ ಜಾತಿಯಲ್ಲಿ ಅಲ್ಥೆರಪಿ ಅನ್ನುವುದು ಹೆಸರುವಾಸಿ. ಔಷಧ, ವೈದ್ಯಕೀಯ ಮೆಷಿನ್‌ಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅದಕ್ಕೆ 2009ರಲ್ಲಿ ಹುಬ್ಬು ಎತ್ತುವುದಕ್ಕೂ 2012ರಲ್ಲಿ ಗದ್ದದ ಕೆಳಭಾಗ ಮತ್ತು ಕತ್ತಿಗೂ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಒಳಗಿನ ಪದರಗಳು ಸ್ಕ್ರೀನ್ ಮೇಲೆ ಕಾಣುತ್ತವೆ. ನನಗೆ ಹೇಳಿದ ರೇಟು ಲಕ್ಷದ ಮೇಲೆ. ನಾನು ಮಾಡಿಸಿದ್ದು ಕೊರಿಯಾದ ಸಾದಾ ಹೈಫು. ಅದರಲ್ಲಿ ಒಳಗಿನದು ಕಾಣುವುದಿಲ್ಲ. ಹಾಗಾಗಿ ಹ್ಯಾಂಡ್‌ಪೀಸ್, ಅಂದರೆ ಮುಖಕ್ಕೆ ಒತ್ತುವ ಮೆಷಿನ್‌ನ ಹಿಡಿ, ಹಿಡಿದವರ ಅನುಭವದ ಮೇಲೆಯೇ ಎಲ್ಲಾ ನಿಂತಿದೆ.

ಲೇಸರ್ ಯಾಕೆ ಬೇಡ ಅಂತ ನಾನೇ ಕೇಳಿದ್ದೆ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದವರಿಗೆ ಲೇಸರ್ ಶಾಖ ಜಾಸ್ತಿಯಾದರೆ ಕಪ್ಪು ಕಲೆ ಉಳಿಯುವ ಭಯ ಇದೆ. ಅಲ್ಟ್ರಾಸೌಂಡ್‌ಗೂ, ರೇಡಿಯೋ ತರಂಗದಿಂದ ಶಾಖ ಕೊಡುವ ರೇಡಿಯೋ ಫ್ರೀಕ್ವೆನ್ಸಿಗೂ (ಆರ್‌ಎಫ್) ಮೈಬಣ್ಣ ಯಾವುದಾದರೂ ಒಂದೇ.

ಈಗ ಒಂದು ಸ್ಟಾರಿನ ಕಥೆ. ಡಾಕ್ಟರ ರೂಮಿನಿಂದ ಹೊರಗೆ ಬಂದ ತಕ್ಷಣ ಪಕ್ಕದ ಎಸಿ ಕ್ಯಾಬಿನ್‌ಗೆ ಕರೆದುಕೊಂಡು ಹೋದರು. ಕೌನ್ಸೆಲರ್ ಅಂತೆ. ಡಾಕ್ಟರು ಬರೆದಿದ್ದು ಒಂದು ಹೈಫು. ಈ ಹುಡುಗಿ ಕೊಟ್ಟ ಚೀಟಿಯಲ್ಲಿ ಹೈಫು, ನಾಲ್ಕು ಸಿಟ್ಟಿಂಗ್ ಸೂಜಿ ಆರ್‌ಎಫ್, ಎರಡು ಫೇಶಿಯಲ್, ಮೂರು ಡಬ್ಬ ಕೊಲಾಜೆನ್ ಪುಡಿ. ಒಟ್ಟು ಒಂದು ಲಕ್ಷ ನಲವತ್ತು ಸಾವಿರ. "ಇವತ್ತೇ ಕಟ್ಟಿದರೆ ಮೂವತ್ತು ಪರ್ಸೆಂಟ್ ಆಫ್ ಮೇಡಂ, ಇಎಂಐ ಕೂಡ ಇದೆ." ನಾಳೆ ಬಂದರೆ? "ನಾಳೆ ಆಫರ್ ಇರಲ್ಲ ಮೇಡಂ." ನಾನೂ ಅಂಗಡಿ ಇಟ್ಟವಳು. ಆಷಾಢದ ಸೇಲ್ ಬೋರ್ಡು ಶ್ರಾವಣದಲ್ಲೂ ನೇತಾಡುವುದನ್ನು ನೋಡಿದ್ದೇನೆ. ಒಂದು ಹೈಫು ಮಾತ್ರ ಸಾಕು, ಬಿಲ್ ಹಾಕಮ್ಮ ಅಂದೆ. ಮೂವತ್ತೆರಡು ಸಾವಿರ ಅಂದಿದ್ದು ಬಿಲ್‌ನಲ್ಲಿ 37,760 ಆಯಿತು. 18% ಜಿಎಸ್‌ಟಿ! ಸೌಂದರ್ಯದ ಚಿಕಿತ್ಸೆಗೆ ಆಸ್ಪತ್ರೆಯ ವಿನಾಯಿತಿ ಇಲ್ಲ. ಇನ್ಶೂರೆನ್ಸ್ ಕೂಡ ಕೊಡುವುದಿಲ್ಲ. ಸರಿ, ಆದರೆ ರೇಟು ಹೇಳುವಾಗ ಇದನ್ನೂ ಸೇರಿಸಿ ಹೇಳಬಹುದಿತ್ತು, ಅಲ್ವಾ?

ಮಾಡಿಸಿಕೊಳ್ಳುವ ದಿನ ಮೊದಲು ಫೋಟೋ. ಇಲ್ಲಿ ಸ್ವಲ್ಪ ಜಗಳ ಆಡಿದೆ. ಅವರ ಗೋಡೆಯ ಮೇಲಿನ ಫೋಟೋಗಳನ್ನು ನೋಡಿ. 'ಮೊದಲು' ಅನ್ನುವುದರಲ್ಲಿ ತಲೆ ಮೇಲಿನ ಟ್ಯೂಬ್‌ಲೈಟ್, ತಲೆ ಕೆಳಗೆ. 'ನಂತರ' ಅನ್ನುವುದರಲ್ಲಿ ಎದುರಿಗೆ ರಿಂಗ್ ಲೈಟ್, ಗದ್ದ ಒಂದಿಂಚು ಮೇಲಕ್ಕೆ. ಗದ್ದ ಎತ್ತಿದರೆ ಯಾರ ಕತ್ತಾದರೂ ಬಿಗಿಯಾಗುತ್ತದೆ. ಅದೇ ಕುರ್ಚಿ, ಅದೇ ಲೈಟ್, ನೇರ ನೋಟ, ನನ್ನ ಫೋನಿನಲ್ಲೂ ಒಂದು ಪ್ರತಿ ಅಂತ ಹಠ ಹಿಡಿದೆ. ತೆಗೆದುಕೊಟ್ಟರು.

ಮರಗಟ್ಟುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ಡಾಕ್ಟರು ಬಂದು ಬಿಳಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿದರು, ಹೊರಟರು. "ಆಂಟಿ, ಶುರು ಮಾಡ್ಲಾ?" ಅಂತ ಅಸಿಸ್ಟೆಂಟ್ ಹ್ಯಾಂಡ್‌ಪೀಸ್ ಎತ್ತಿಕೊಂಡಳು. ಬೇಡಮ್ಮ, ಡಾಕ್ಟರನ್ನು ಕರಿ ಅಂದೆ. ಕೆಳತುಟಿಯನ್ನು ಆಡಿಸುವ ನರ ದವಡೆಯ ಅಂಚಿನಲ್ಲೇ ಹೋಗುತ್ತದೆ. ಅದಕ್ಕೆ ಶಾಖ ತಗುಲಿದರೆ ಸ್ವಲ್ಪ ಕಾಲ ನಗು ಸೊಟ್ಟಗಾಗಬಹುದು ಅಂತ ಅವರೇ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಬರೆದಿತ್ತು. ನಾವು ಓದುವುದಿಲ್ಲ ಅಂದುಕೊಂಡಿರುತ್ತಾರೆ. ಡಾಕ್ಟರು ಮುಖ ಸಣ್ಣಗೆ ಮಾಡಿಕೊಂಡೇ ಬಂದರು, ಆದರೆ ಪೂರ್ತಿ ಅವರೇ ಮಾಡಿದರು. ನಾಲ್ಕನೇ ಸ್ಟಾರ್ ಉಳಿದಿದ್ದು ಅದರಿಂದ.

ಇನ್ನೊಂದು ವಿಷಯ. ಒಂದು ಕಾರ್ಟ್ರಿಜ್‌ಗೆ ಇಷ್ಟೇ ಶಾಟ್ ಅಂತ ಲೆಕ್ಕ ಇರುತ್ತದೆ, ಮೆಷಿನ್ ಸ್ಕ್ರೀನ್ ಮೇಲೆ ನಂಬರ್ ಓಡುತ್ತದೆ. ಶುರುವಿನ ನಂಬರ್, ಕೊನೆಯ ನಂಬರ್ ಎರಡೂ ತೋರಿಸಿ ಅಂತ ಕೇಳಿ. ದುಡ್ಡು ಕೊಡುವುದು ಆ ಶಾಟ್‌ಗಳಿಗೆ.

ನೋವು? ಗದ್ದದ ಕೆಳಗೆ ಬಿಸಿ, ಅಷ್ಟೆ. ದವಡೆ ಮೂಳೆಯ ಮೇಲೆ ಬಂದಾಗ ಹಲ್ಲಿನ ಬೇರಿನವರೆಗೂ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಮುಗಿದ ಮೇಲೆ ಮುಖ ಕೆಂಪಗಾಗಿತ್ತು, ಸ್ವಲ್ಪ ಊದಿತ್ತು. ಮಾರನೇ ದಿನ ಅಂಗಡಿ ತೆರೆದೆ. ಒತ್ತಿದರೆ ನೋವು ಮಾತ್ರ ಸುಮಾರು ದಿನ ಇತ್ತು.

ಫಲ ತಕ್ಷಣ ಕಾಣುವುದಿಲ್ಲ. ಮೊದಲ ವಾರ ಬಿಗಿ ಅನಿಸುವುದು ಊತದಿಂದ. ಕೊಲಾಜೆನ್ ಬೆಳೆಯಲು ಎರಡು ಮೂರು ತಿಂಗಳು ಬೇಕು. ಮೂರು ತಿಂಗಳ ಮೇಲೆ ಅದೇ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿದೆ. ದವಡೆಯ ಗೆರೆ ಖಂಡಿತ ಸ್ಪಷ್ಟವಾಗಿದೆ, ಎಡಗಡೆ ಇನ್ನೂ ಚೆನ್ನಾಗಿದೆ. ಗದ್ದದ ಕೆಳಗೆ ಮುಟ್ಟಿದರೆ ಚರ್ಮ ಗಟ್ಟಿ ಅನಿಸುತ್ತದೆ. ಕತ್ತು ಇದ್ದ ಹಾಗೇ ಇದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಇಸ್ತ್ರಿ ಹಾಯಿಸಿದರೆ ಬಟ್ಟೆ ನೆಟ್ಟಗೆ ನಿಲ್ಲುತ್ತದೆ, ಆದರೆ ಅಗಲ ಜಾಸ್ತಿ ಇದ್ದರೆ ಹೊಲಿಗೆ ಒಳಗೆ ಹಿಡಿಯಲೇಬೇಕು. ಹದಿನಾಲ್ಕು ಕೆಜಿ ಇಳಿಸಿದವಳ ಕತ್ತಿನಲ್ಲಿ ಬಟ್ಟೆಯೇ ಜಾಸ್ತಿ. ಜೋಲು ಈಗಷ್ಟೇ ಶುರುವಾಗಿರುವ ನಲವತ್ತು, ನಲವತ್ತೈದರವರಿಗೆ ಇದರಿಂದ ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ. ನಾದಿನಿ ಏನೂ ಗುರುತಿಸಲಿಲ್ಲ. ಒಬ್ಬ ಹಳೇ ಗಿರಾಕಿ ಮಾತ್ರ "ಏನಕ್ಕಾ, ಈಚೆಗೆ ಚೆನ್ನಾಗಿ ನಿದ್ದೆ ಮಾಡ್ತಿದೀರಾ?" ಅಂದಳು. ಅದೇ 37,760 ರೂಪಾಯಿಯ ಮೆಚ್ಚುಗೆ.

ಸೂಜಿ ಆರ್‌ಎಫ್‌ಗೆ ನಾನು ಹೋಗಲಿಲ್ಲ. ಸಣ್ಣ ಸೂಜಿಗಳನ್ನು ಚುಚ್ಚಿ ಒಳಗೆ ಶಾಖ ಕೊಡುವ ಈ ವಿಧಾನದಿಂದ ಸುಟ್ಟ ಗಾಯ, ಕಲೆ, ಕೊಬ್ಬು ಕರಗುವುದು, ನರಕ್ಕೆ ಪೆಟ್ಟು ಇವೆಲ್ಲ ಆದ ದೂರುಗಳಿವೆ ಅಂತ ಎಫ್‌ಡಿಎ 2025ರ ಅಕ್ಟೋಬರಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಒಳ್ಳೆ ಕೈಯಲ್ಲಿ ಚೆನ್ನಾಗಿ ಆಗಬಹುದು. ಪ್ಯಾಕೇಜಿನ ಜೊತೆ ಸುಮ್ನೆ ಸೇರಿಸಿಕೊಡುವ ವಸ್ತು ಅಂತೂ ಅಲ್ಲ. ಕೊಲಾಜೆನ್ ಪುಡಿ ಹೊಟ್ಟೆಯಲ್ಲಿ ಜೀರ್ಣವಾಗಿ ತುಂಡು ತುಂಡಾಗುತ್ತದೆ, ನೇರ ಗದ್ದಕ್ಕೆ ಹೋಗಿ ಕೂರುವುದಿಲ್ಲ. ಮುಖದ ಮೇಲೆ ಉರುಳಿಸುವ ಜೇಡ್ ಕಲ್ಲಿನ ರೋಲರ್ ಬೆಳಗಿನ ಊತಕ್ಕೆ ಮಾತ್ರ ಸರಿ.

ಅಗ್ಗದ್ದು ಬೇಕೆಂದರೆ ಸನ್‌ಸ್ಕ್ರೀನ್. ಆಸ್ಟ್ರೇಲಿಯಾದಲ್ಲಿ ನಾಲ್ಕೂವರೆ ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ಹಚ್ಚಿದವರ ಚರ್ಮ ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುದಿಯಾಗಿತ್ತು. ರಾತ್ರಿಗೆ ಡಾಕ್ಟರು ಟ್ರೆಟಿನಾಯಿನ್ ಅನ್ನುವ ವಿಟಮಿನ್ ಎ ಜಾತಿಯ ಕ್ರೀಮ್ ಬರೆದುಕೊಟ್ಟಿದ್ದಾರೆ, ಬಟಾಣಿ ಕಾಳಿನಷ್ಟು. ಮೊದಲು ಚರ್ಮ ಸುಲಿಯಿತು, ಈಗ ಒಗ್ಗಿದೆ. ಬಸುರಿಯರು ಇದನ್ನು ಹಚ್ಚಬಾರದು.

ಹೋಗುವವರು ಮೊದಲು ರಿಸೆಪ್ಷನ್ ಗೋಡೆ ನೋಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕಾಯ್ದೆ) ನೋಂದಣಿ ಪತ್ರ ಮತ್ತು ರೇಟು ಪಟ್ಟಿ ಕಾಣುವ ಹಾಗೆ ಹಾಕಬೇಕು. ಡಾಕ್ಟರು ಚರ್ಮದ ವಿಷಯದಲ್ಲೇ ಎಂಡಿ ಅಥವಾ ಡಿಪ್ಲೊಮಾ ಮಾಡಿದ್ದಾರಾ ಕೇಳಿ. ಕಾಸ್ಮೆಟಾಲಜಿ (ಸೌಂದರ್ಯ ಚಿಕಿತ್ಸೆ) ಸರ್ಟಿಫಿಕೇಟ್ ಅದಕ್ಕೆ ಸಮ ಅಲ್ಲ. ನಾನು ಹೋದ ಕಡೆ ನೋಂದಣಿ ಪತ್ರ ಇತ್ತು, ರೇಟು ಪಟ್ಟಿ ಇರಲಿಲ್ಲ.

ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲಿ ಹೋಗಿ. ಶನಿವಾರ ಬೇಡ, ಡಾಕ್ಟರು ನಾಲ್ಕು ರೂಮಿಗೆ ಓಡಾಡುತ್ತಿರುತ್ತಾರೆ. ವಾರದ ಮಧ್ಯೆ ಬೆಳಗ್ಗೆ ಸಮಯ ತಗೊಳ್ಳಿ. ಕಾಫಿ ಕೊಡುತ್ತಾರೆ, ಚೆನ್ನಾಗಿಲ್ಲ.